ಸೀರೆಯ ಒಳತುದಿ

ಗಜೇಂದ್ರಗಡದ ನೇಕಾರರ ಸಂಘದ ಕಟ್ಟಡಕ್ಕೆ ಹದಿನಾರು ಮೆಟ್ಟಿಲು. ಮೆಟ್ಟಿಲ ಕೆಳಗೆ ಸೀರೆ ಅಳೆಯುವ ಉದ್ದನೆಯ ಮೇಜು, ಗಾಜಿನ ಕಪಾಟು, ಕಾರ್ಯದರ್ಶಿ ಪ್ರಭುಲಿಂಗಪ್ಪನವರ ಕುರ್ಚಿ, ಬಂದು ಹೋಗುವ ಜನ, ಮಾತು, ನಗು. ಮೆಟ್ಟಿಲ ಮೇಲೆ ಒಂದು ಕೋಣೆ, ಒಂದು ಕಂಪ್ಯೂಟರು, ಒಬ್ಬಳು ಶಂಕ್ರವ್ವ. ಎಂಟು ವರ್ಷದಿಂದ ಇದೇ ವ್ಯವಸ್ಥೆ. ಆಕೆಯನ್ನು ಮೇಲೆ ಕೂರಿಸಬೇಕೆಂದು ಯಾರೂ ಠರಾವು ಮಾಡಿರಲಿಲ್ಲ. ಕಂಪ್ಯೂಟರಿಗೆ ನೂಲಿನ ಧೂಳು ಕೂರಬಾರದೆಂದು ಅದನ್ನು ಮೇಲಿಟ್ಟರು. ಅದನ್ನು ನಡೆಸಬಲ್ಲವಳು ಆಕೆಯೊಬ್ಬಳೇ ಆದ್ದರಿಂದ ಅದರ ಹಿಂದೆ ಆಕೆಯೂ ಹೋದಳು. ಹೋದವಳನ್ನು ಕೆಳಗೆ ಕರೆಯುವ ಗರಜು ಯಾರಿಗೂ ಬೀಳಲಿಲ್ಲ.

ಗರಜು ಬೀಳದ್ದಕ್ಕೆ ಆಕೆಯ ನಾಲಿಗೆಯೂ ಕಾರಣ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಬೆಳವಣಕಿಯ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ, ಹೊಳೆಆಲೂರಿಗೆ ಮದುವೆಯಾಗಿ ಹೋಗಿ, ಆರು ವರ್ಷಕ್ಕೆ ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದವಳು ಆಕೆ. ಯಾಕೆ ಬಂದೆ ಎಂದು ಕೇಳಿದವರಿಗೆ, ನಿಮ್ಮ ಮನೆಗಂತೂ ಬಂದಿಲ್ಲವಲ್ಲ ಎಂದು ಉತ್ತರ ಕೊಟ್ಟಿದ್ದಳು. ಆಮೇಲೆ ಯಾರೂ ಕೇಳಲಿಲ್ಲ. ರೋಣದಲ್ಲಿ ಮೂರು ತಿಂಗಳು ಕಂಪ್ಯೂಟರು ಕಲಿತಳು. ಗಜೇಂದ್ರಗಡದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದಳು. ಈಗ ನಲವತ್ತೇಳು.

ಆಕೆಯ ಕೆಲಸ ಇಷ್ಟು: ನೇಕಾರರು ತಂದ ಮಾಲಿನಲ್ಲಿ ಸೈಟಿಗೆಂದು ಆರಿಸಿದ ಪ್ರತಿ ಸೀರೆಯ ಫೋಟೋ ತೆಗೆಯುವುದು, ಸಂಘದ ವೆಬ್‌ಸೈಟಿಗೆ ಏರಿಸುವುದು, ಅದರ ಕೆಳಗೆ ವಿವರ ಬರೆಯುವುದು. ಉದ್ದ ಎಷ್ಟು, ಪಟ್ಟೇದ ಅಂಚು ಎಷ್ಟು ಅಗಲ, ಸೆರಗು ಎಂಥದು, ನೇಯ್ದವರು ಯಾರು. ಆ ಸೈಟು ಕಟ್ಟಿಕೊಟ್ಟವನು ನರೇಗಲ್ಲಿನ ಸಿದ್ದರಾಮೇಶ. ವಿವರವನ್ನು ಎಚ್‌ಟಿಎಮ್‌ಎಲ್‌ನಲ್ಲಿ ಹೇಗೆ ಬರೆಯಬೇಕೆಂದು ಕಲಿಸಿದವನೂ ಅವನೇ. ಕೋನದ ಕಂಸದೊಳಗೆ ಇಂಥ ಅಕ್ಷರ ಹಾಕಿದರೆ ಸಾಲು ಮುರಿಯುತ್ತದೆ, ಇಂಥದು ಹಾಕಿದರೆ ಅಕ್ಷರ ದಪ್ಪಗಾಗುತ್ತದೆ. ಕೊನೆಗೆ ಇನ್ನೊಂದು ತೋರಿಸಿದ್ದ. ಕೋನಕಂಸ ತೆರೆದು ಒಂದು ಆಶ್ಚರ್ಯಸೂಚಕ, ಎರಡು ಅಡ್ಡಗೆರೆ ಹಾಕಿ ಏನು ಬೇಕಾದರೂ ಬರೆ, ಮತ್ತೆ ಎರಡು ಅಡ್ಡಗೆರೆ ಹಾಕಿ ಕಂಸ ಮುಚ್ಚು. ಅದರ ನಡುವಿನದು ಸೈಟಿನಲ್ಲೇ ಇರುತ್ತದೆ, ಆದರೆ ನೋಡುವವರಿಗೆ ಕಾಣುವುದಿಲ್ಲ. ಮರೆಯದಿರಲೆಂದು ನಮಗೆ ನಾವೇ ಬರೆದುಕೊಳ್ಳಲು ಇರುವ ಜಾಗ ಅದು ಎಂದಿದ್ದ.

ಶಂಕ್ರವ್ವನೂ ಮೊದಲು ಹಾಗೇ ಬರೆದಳು. ಫೋಟೋ ಮಬ್ಬಾಗಿದೆ, ಬಿಸಿಲು ಬಿದ್ದಾಗ ಮತ್ತೊಮ್ಮೆ ತೆಗೆಯಬೇಕು. ಅಂಚಿನ ಬಣ್ಣ ಕೆಂಪಲ್ಲ, ಇಟ್ಟಿಗೆ ಕೆಂಪು. ಒಂದು ಮಳೆಗಾಲದ ಮಧ್ಯಾಹ್ನ ಬೇರೆ ಥರದ್ದು ಬರೆದಳು: ‘ಇವತ್ತ ಯಾರೂ ಮ್ಯಾಲೆ ಬರಲಿಲ್ಲ.’ ಬರೆದು ನೋಡಿದಳು. ಸೈಟಿನಲ್ಲಿ ಸೀರೆ ಇತ್ತು, ಅಳತೆ ಇತ್ತು, ಈ ಸಾಲು ಕಾಣಲಿಲ್ಲ. ಮರುವಾರ ಇನ್ನೊಂದು: ‘ಕೆಳಗ ಗಿರಮಿಟ್ಟು ತರಿಸ್ಯಾರ. ವಾಸನಿ ಮ್ಯಾಲೆ ಬಂತು, ಗಿರಮಿಟ್ಟು ಬರಲಿಲ್ಲ.’ ಹೀಗೆ ರೂಢಿಯಾಯಿತು. ಮನೆಗೆ ಹೋದರೆ ಗೋಡೆ, ಇಲ್ಲಿ ಬಂದರೆ ಪರದೆ. ಪರದೆಗೆ ಕನಿಷ್ಠ ಹೇಳಿದ್ದನ್ನು ಇಟ್ಟುಕೊಳ್ಳುವ ಗುಣವಿತ್ತು.

ಇದು ಆಕೆಗೆ ಸರಿ ಕಂಡದ್ದಕ್ಕೆ ನೇಕಾರರ ಒಂದು ಪದ್ಧತಿ ಕಾರಣ. ಸೀರೆಯ ಒಳತುದಿಯಲ್ಲಿ, ಉಟ್ಟಾಗ ಸೊಂಟಕ್ಕೆ ಸಿಕ್ಕಿಸಿ ಮರೆಯಾಗುವ ಕಡೆ, ಪ್ರತಿ ಮನೆಯವರು ತಮ್ಮದೊಂದು ಗುರುತು ನೇಯ್ದಿರುತ್ತಾರೆ. ಒಬ್ಬರದು ಎರಡು ಬಿಳಿ ಎಳೆ, ಒಬ್ಬರದು ಒಂದು ಗಂಟು. ಸೀರೆ ಅದಲು ಬದಲಾದರೆ ಒಳತುದಿ ನೋಡಿ ಯಾರದೆಂದು ಹೇಳುತ್ತಾರೆ. ಕೊಂಡು ಉಟ್ಟವಳಿಗೆ ಅದು ಗೊತ್ತೇ ಇರುವುದಿಲ್ಲ. ತನ್ನ ಬರಹವೂ ಅಂಥದ್ದೇ ಎಂದು ಶಂಕ್ರವ್ವ ತಿಳಿದಿದ್ದಳು.

ಮಾನವ್ವನ ಗುರುತು ಮೂರು ಹಸಿರು ಎಳೆ.

ಈ ಮಾನವ್ವ ಒಬ್ಬಳು ಮಾತ್ರ ಒಂದು ಕಾಲಕ್ಕೆ ಆ ಹದಿನಾರು ಮೆಟ್ಟಿಲು ಹತ್ತಿ ಬರುತ್ತಿದ್ದಳು. ಗುರುವಾರ ಎಲ್ಲ ನೇಕಾರರು ಮಾಲು ತರುವ ದಿನ. ಕೆಳಗೆ ಸೀರೆ ಅಳೆಸಿ, ಮೊಣಕಾಲು ನೋವಿಗೆ ಒಂಬತ್ತನೆಯ ಮೆಟ್ಟಿಲ ಮೇಲೆ ಒಂದಿಷ್ಟು ನಿಂತು, ಮೇಲೆ ಬಂದು ನೆಲದ ಮೇಲೆ ಕಾಲು ಚಾಚಿ ಕೂರುತ್ತಿದ್ದಳು. ಸೆರಗಿನ ಗಂಟಿನಿಂದ ಸಜ್ಜೆ ರೊಟ್ಟಿ, ಗುರೆಳ್ಳ ಚಟ್ನಿ ತೆಗೆಯುತ್ತಿದ್ದಳು. ಶಂಕ್ರವ್ವ ಬೈದರೆ ನಗುತ್ತಿದ್ದಳು. ನಿನ್ನ ಬೈಗುಳಕ್ಕೆ ಉಪ್ಪು ಕಡಿಮೆ ಎನ್ನುತ್ತಿದ್ದಳು. ಮೂರು ವರ್ಷ ಹೀಗೆ ನಡೆಯಿತು.

ಐದು ವರ್ಷದ ಹಿಂದೆ ಒಂದು ಬುಧವಾರ ಮಾನವ್ವ ಸಂಜೆಗೇ ಸೀರೆ ತಂದು ಮೇಲಿಟ್ಟು, ತಾಯಿಗೆ ಆರಾಮಿಲ್ಲವೆಂದು ನರಗುಂದದ ಬಸ್ಸು ಹತ್ತಿದಳು. ಶಂಕ್ರವ್ವ ಅದನ್ನು ತನ್ನ ಕಪಾಟಿನಲ್ಲಿಟ್ಟಳು. ಮಾರನೆಯ ದಿನ ಮಾನವ್ವ ನರಗುಂದದಿಂದ ನೇರ ಸಂಘಕ್ಕೆ ಬಂದಳು. ಶಂಕ್ರವ್ವ ಸೀರೆಯನ್ನು ಕೆಳಗೆ ಒಯ್ದು ಮೇಜಿನ ಮೇಲೆ ಬಿಚ್ಚಿದಾಗ ಅಂಗೈ ಅಗಲದ ನೇರಳೆ ಕಲೆ. ಆ ಸೀರೆ ಒಂದು ಪ್ರದರ್ಶನಕ್ಕೆ ಆರಿಸಿದ್ದು. ಶಂಕ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಹದಿನೈದು ಮಂದಿಯ ಮುಂದೆ, ಮಗ್ಗದಾಗ ನೇಯ್ತಿಯೋ ಬಚ್ಚಲದಾಗ ನೇಯ್ತಿಯೋ ಎಂದು ಕೇಳಿದಳು. ಮಾನವ್ವ, ಕೊಟ್ಟಾಗ ಸ್ವಚ್ಛವಿತ್ತು ಎಂದಳು. ಹಾಗಾದರೆ ನಾನು ಸುಳ್ಳು ಹೇಳುತ್ತೇನೆಯೇ ಎಂದು ಶಂಕ್ರವ್ವ ಇನ್ನೂ ಮೇಲಿನ ದನಿಯಲ್ಲಿ ಕೇಳಿದಳು. ಎಲ್ಲರೂ ಮಾನವ್ವನ ಮುಖ ನೋಡಿದರು. ಆಕೆ ಸೀರೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ಆಮೇಲೆಯೂ ಪ್ರತಿ ಎರಡನೆಯ ಗುರುವಾರ ಮಾಲು ತಂದಳು, ಕೆಳಗೆ ಕೊಟ್ಟಳು, ಮೇಲೆ ಹತ್ತಲಿಲ್ಲ.

ತಿಂಗಳ ಮೇಲೆ ಕಪಾಟು ಸ್ವಚ್ಛ ಮಾಡುವಾಗ ಶಂಕ್ರವ್ವನಿಗೆ ಸಂಘದ ಸಿಕ್ಕಾ, ಅಂದರೆ ಮುದ್ರೆ, ಒತ್ತುವ ಮಸಿಡಬ್ಬಿ ಕಂಡಿತು. ಮೇಲಿನ ಹಲಗೆಯಲ್ಲಿ ಮಗುಚಿ ಬಿದ್ದಿತ್ತು. ಕೆಳಗಿನ ಹಲಗೆಗೆ ಹಾಸಿದ ಪೇಪರಿನ ಮೇಲೆ, ಸೀರೆ ಇಟ್ಟ ಜಾಗದಲ್ಲಿ, ನೇರಳೆ ಮಸಿ ಒಣಗಿತ್ತು. ಆಕೆ ಆ ಪೇಪರನ್ನು ಸಣ್ಣಗೆ ಮಡಚಿ ಚೀಲದಲ್ಲಿ ಒಯ್ದು, ಬಸ್‌ ಸ್ಟ್ಯಾಂಡಿನ ಹಿಂದೆ ಕಸ ಸುಡುವಲ್ಲಿ ಹಾಕಿದಳು. ಕೆಳಗೆ ಹೋಗಿ ಹೇಳಬೇಕಿತ್ತು. ಇವತ್ತು ಬೇಡ, ಬರುವ ಗುರುವಾರ ಎಂದುಕೊಂಡಳು. ಬಂದ ಗುರುವಾರ ಮಾನವ್ವ ತಂದ ಸೀರೆಯ ನಂಬರು ಇನ್ನೂರ ಹನ್ನೆರಡು. ಅದರ ವಿವರದ ಕೆಳಗೆ ಆ ಮರೆಯ ಗುರುತು ಹಾಕಿ ಬರೆದಳು: ‘ಮಾನವ್ವ, ಆ ಮಸಿ ನಂದು. ನನ್ನ ಕಪಾಟಿನಾಗ ಸಿಕ್ಕಾದ ಡಬ್ಬಿ ಸೋರಿತ್ತು. ನೀ ಸ್ವಚ್ಛ ತಂದಿದ್ದಿ. ನಿನ್ನ ಮುಂದ ಹೇಳಾಕ ಬಾಯಿ ಬರವಲ್ದು.’

ಬರೆದ ಮೇಲೆ ಹೇಳಿದಷ್ಟೇ ಹಗುರಾಯಿತು. ಅದೇ ತಪ್ಪಾದದ್ದು. ಹಗುರಾದವಳು ಬಾಯಿಬಿಟ್ಟು ಹೇಳುವ ಗೋಜಿಗೇ ಹೋಗಲಿಲ್ಲ. ಮುಂದೆ ಮಾನವ್ವನ ಪ್ರತಿ ಸೀರೆಯ ಕೆಳಗೂ ಒಂದೊಂದು ಮಾತು ಬರೆದಳು. ಐದು ವರ್ಷದಲ್ಲಿ ನೂರು ದಾಟಿತು.

ಈ ವರ್ಷ ಫೆಬ್ರುವರಿಯಲ್ಲಿ ಪ್ರಭುಲಿಂಗಪ್ಪನವರು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿ ಸುದ್ದಿ ಹೇಳಿದರು. ಹಳೆಯ ಸೈಟು ಮಾರ್ಚ್ ಕೊನೆಗೆ ಮುಚ್ಚುತ್ತದೆ. ಹುಬ್ಬಳ್ಳಿಯ ಹೊಸ ಕಂಪನಿಯೊಂದರ ಜೊತೆ ಮಾತಾಗಿದೆ. ಎಲ್ಲ ಸೀರೆಯ ಮಾಹಿತಿಯನ್ನು ಹಳೆಯದರಿಂದ ಫೈಲಿಗೆ ಇಳಿಸಿ ಹೊಸದಕ್ಕೆ ಏರಿಸಬೇಕು. ನಿಮ್ಮಿಂದ ಆಗದಿದ್ದರೆ ಹೇಳಿಬಿಡಿ, ಹುಬ್ಬಳ್ಳಿಯವರಿಗೆ ಕೊಡೋಣ ಎಂದರು. ಹುಬ್ಬಳ್ಳಿಯವರಿಗೆ ಕೊಟ್ಟರೆ ಅವರು ಫೈಲು ಬಿಚ್ಚುತ್ತಾರೆ, ಬಿಚ್ಚಿದರೆ ಒಳಗಿನದೆಲ್ಲ ಓದುತ್ತಾರೆ. ನಾನೇ ಮಾಡುತ್ತೇನೆ ಎಂದು ಶಂಕ್ರವ್ವ ಮೇಲಿನಿಂದಲೇ ಕೂಗಿದಳು.

ಮಾರ್ಚ್ ಕೊನೆಯ ವಾರ ಸೋಮವಾರ ಹಚ್ಚಿಕೊಂಡಳು. ಫೈಲು ಇಳಿಯಿತು. ಎರಡು ಸಲ ಒತ್ತಿ ತೆಗೆದರೆ ಶೀಟಿನಲ್ಲಿ ಕನ್ನಡದ ಒಂದು ಅಕ್ಷರವಿಲ್ಲ. ಬರೀ ಟೊಪ್ಪಿ ಹಾಕಿದ ವಿದೇಶಿ ಅಕ್ಷರ, ಪ್ರಶ್ನೆ ಗುರುತು, ಕಾಲು ಮುರಿದ ಚಿಹ್ನೆ. ಎಂಟು ವರ್ಷದ ಬರಹ ಹೀಗಾಯಿತೇ ಎಂದು ಮುಚ್ಚಿ ಮತ್ತೆ ತೆಗೆದಳು, ಮತ್ತೆ ಅದೇ. ಮಧ್ಯಾಹ್ನದವರೆಗೆ ಬಡಿದಾಡಿ ದಾರಿ ಕಂಡುಹಿಡಿದಳು. ಫೈಲನ್ನು ಒತ್ತಿ ತೆಗೆಯಬಾರದು. ಖಾಲಿ ಶೀಟು ತೆಗೆದುಕೊಂಡು, ಅದರೊಳಕ್ಕೆ ಫೈಲನ್ನು ಕರೆಸಿ, ಇದು ಯೂನಿಕೋಡ್ ಬರಹ ಎಂದು ಮೊದಲೇ ಹೇಳಬೇಕು. ಹೇಳಿದ ಮೇಲೆ ಕನ್ನಡ ಬಂತು. ಮೊದಲೇ ಕೇಳಿದ್ದರೆ ನಿನ್ನಪ್ಪನ ಗಂಟು ಹೋಗುತ್ತಿತ್ತೇ ಎಂದು ಕಂಪ್ಯೂಟರಿಗೆ ಬೈದಳು.

ಮಂಗಳವಾರ ಸಾಲುಗಳ ಕಾಟ. ಐನೂರ ಹತ್ತು ಸೀರೆಗೆ ಐನೂರ ಹತ್ತು ಸಾಲು ಇರಬೇಕು. ಇದ್ದದ್ದು ಸಾವಿರದ ಮುನ್ನೂರು. ಒಂದು ಸೀರೆಯ ಉದ್ದ ಒಂದು ಸಾಲಿನಲ್ಲಿ, ಅದರ ಸೆರಗು ಕೆಳಗಿನ ಸಾಲಿನಲ್ಲಿ, ನೇಕಾರನ ಹೆಸರು ಬಣ್ಣದ ಖಾನೆಯಲ್ಲಿ. ಒಂದೊಂದೇ ನೋಡುತ್ತ ಹೋದರೆ ಎಲ್ಲ ಮುರಿದದ್ದೂ ಅಂಚಿನ ಅಗಲ ಬಂದಲ್ಲೇ. ಇಲ್ಲಿಯ ನೇಕಾರರು ಅಂಚನ್ನು ಇಂಚಿನಲ್ಲಿ ಅಳೆಯುತ್ತಾರೆ. ಚೀಟಿಯಲ್ಲಿ ಇಂಚು ಎಂದು ಬರೆಯುವುದಿಲ್ಲ, ಅಂಕಿಯ ಹೆಗಲ ಮೇಲೆ ಎರಡು ಸಣ್ಣ ಗೆರೆ ಎಳೆಯುತ್ತಾರೆ. ಚೀಟಿಯಲ್ಲಿದ್ದಂತೆ ಶಂಕ್ರವ್ವನೂ ಹಾಗೇ ಟೈಪು ಮಾಡುತ್ತ ಬಂದಿದ್ದಳು. ಫೈಲಿಗೆ ಆ ಎರಡು ಗೆರೆಯ ಅರ್ಥವೇ ಬೇರೆ. ಖಾನೆ ಇಲ್ಲಿಗೆ ಮುಗಿಯಿತು ಎಂದು ಅದು ತಿಳಿಯುತ್ತದೆ. ನಾಲ್ಕು ಇಂಚಿನ ಅಂಚು ಬಂದಲ್ಲೆಲ್ಲ ಸೀರೆ ಅರ್ಧಕ್ಕೇ ಹರಿದಿತ್ತು.

ಫೈಲನ್ನು ಸಾದಾ ಬರಹವಾಗಿ ತೆಗೆದು, ಅಂಕಿಯ ಮುಂದೆ ಎರಡು ಗೆರೆ ಇದ್ದಲ್ಲೆಲ್ಲ ‘ಇಂಚು’ ಎಂದು ಬದಲಿಸಿದಳು. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಸಲ. ಆಗ ಖಾನೆ ಮುಗಿಸುವ ಎರಡು ಗೆರೆ ಇದ್ದ ಸೀರೆಯ ನಂಬರುಗಳಿಗೂ ಇಂಚು ಅಂಟಿಕೊಂಡಿತು. ಇನ್ನೂರ ಹನ್ನೆರಡನೆಯ ಸೀರೆ ಇನ್ನೂರ ಹನ್ನೆರಡು ಇಂಚಾಗಿ ಕೂತಿತ್ತು. ತನಗೇ ನಗು ಬಂತು. ನಗುವನ್ನು ಹಂಚಿಕೊಳ್ಳಲು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಯಾರಿರುತ್ತಾರೆ. ಮೂಲ ಫೈಲನ್ನು ಮತ್ತೆ ತೆಗೆದು, ಈ ಸಲ ಅಂಕಿ, ಎರಡು ಗೆರೆ, ಅದರಾಚೆ ಒಂದು ಖಾಲಿ ಜಾಗ ಮೂರೂ ಕೂಡಿ ಇದ್ದರೆ ಮಾತ್ರ ಬದಲಿಸು ಎಂದಳು. ಸಂಜೆಗೆ ಐನೂರ ಹತ್ತು ಸಾಲು ಸರಿಯಾಗಿ ನಿಂತವು.

ಶೀಟಿನಲ್ಲಿ ಆಕೆಯ ಗುಟ್ಟಿನ ಸಾಲುಗಳೂ ಬೆತ್ತಲೆ ನಿಂತಿದ್ದವು. ಅಲ್ಲಿ ಮರೆ ಎಂಬುದಿಲ್ಲ. ಅಳಿಸಬೇಕೆಂದು ಬೆರಳಿಟ್ಟಳು. ಅಳಿಸಲಾಗಲಿಲ್ಲ. ಹೊಸ ಸೈಟಿನಲ್ಲೂ ಅವು ಕಾಣುವುದಿಲ್ಲವಲ್ಲ, ಇರಲಿ ಎಂದು ಬಿಟ್ಟಳು.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೊಸ ಸೈಟಿಗೆ ಫೈಲು ಏರಿಸಿದಳು. ಐನೂರ ಹತ್ತು ಸೇರಿದವು ಎಂದು ಹಸಿರು ಅಕ್ಷರ ಬಂತು. ಅದನ್ನು ಓದಿ ಮುಗಿಸುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು, ಪರದೆ ಕಪ್ಪಾಯಿತು. ಹೇಗೆ ಬಂದಿದೆಯೋ ನೋಡೋಣವೆಂದು ಫೋನಿನಲ್ಲಿ ಸೈಟು ತೆಗೆದಳು.

ಕೋನಕಂಸಗಳೆಲ್ಲ ಕಾಣುತ್ತಿದ್ದವು. ಸಾಲು ಮುರಿಯುವ ಗುರುತು ಸಾಲು ಮುರಿಯದೆ ತಾನೇ ಬಂದು ಕೂತಿತ್ತು. ದಪ್ಪ ಮಾಡುವ ಗುರುತು ಅಕ್ಷರದ ಪಕ್ಕ ನಿಂತಿತ್ತು. ಅವುಗಳ ನಡುವೆ, ಸೀರೆಯ ಬಣ್ಣದ ಕೆಳಗೆ, ಊರೇ ಓದುವಂತೆ: ‘ಇವತ್ತ ಯಾರೂ ಮ್ಯಾಲೆ ಬರಲಿಲ್ಲ.’ ಇನ್ನೂರ ಹನ್ನೆರಡಕ್ಕೆ ಹೋದಳು. ‘ಮಾನವ್ವ, ಆ ಮಸಿ ನಂದು.’

ಇನ್ನೂ ತೆರೆದಿಲ್ಲದ ಸೈಟು, ಪರೀಕ್ಷೆಗೆ ಏರಿಸಿದ್ದು ಎಂದು ಆಕೆ ತಿಳಿದಿದ್ದಳು. ಆದರೆ ಹಳೆಯ ಫೈಲಿನಲ್ಲಿ ಪ್ರತಿ ಸೀರೆಯ ಮುಂದೆ ‘ಪ್ರಕಟವಾಗಿದೆ’ ಎಂಬ ಒಂದು ಖಾನೆ ಇತ್ತು. ಅದನ್ನೂ ಹೊಸ ಸೈಟು ನಿಷ್ಠೆಯಿಂದ ಓದಿ ಎಲ್ಲವನ್ನೂ ಪ್ರಕಟಿಸಿತ್ತು. ಪ್ರಭುಲಿಂಗಪ್ಪನವರು ಹೊಸ ಸೈಟಿನ ವಿಳಾಸವನ್ನು ಹಿಂದಿನ ದಿನವೇ ನೇಕಾರರ ವಾಟ್ಸಾಪ್ ಗುಂಪಿಗೆ ಹಾಕಿದ್ದರು.

ಫೋನಿನಿಂದ ಅಳಿಸೋಣವೆಂದರೆ ಪಾಸ್‌ವರ್ಡು ಆಕೆಗೆ ನೆನಪಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ಗೊತ್ತಿತ್ತು. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಊರ ತಲೆಯ ಮೇಲೆ ಅಷ್ಟು ಕರೆಂಟು ಹುಟ್ಟುತ್ತದೆ, ತನ್ನ ಒಂದು ಪೆಟ್ಟಿಗೆಗೆ ಇಲ್ಲ ಎಂದು ಹಲ್ಲು ಕಡಿದಳು. ಕರೆಂಟಿನ ಕಚೇರಿಗೆ ಫೋನು ಮಾಡಿ ಲೈನ್‌ಮನ್‌ಗೆ ಬೈದಳು. ಕಂಬದ ಕೆಲಸ ನಡೆದಿದೆ, ಎರಡಕ್ಕೆ ಬರುತ್ತದೆ ಎಂದ ಅವನು.

ಬೇರೆ ಕೆಲಸದ ಮೇಲೆ ಈಗ ಹುಬ್ಬಳ್ಳಿಯಲ್ಲಿದ್ದ ಸಿದ್ದರಾಮೇಶನಿಗೆ ಫೋನು ಹಚ್ಚಿದಳು. ಅವನು ತನ್ನ ಕಡೆ ಸೈಟು ತೆಗೆದು ನೋಡಿದ. ತೊಂದರೆ ಏನೆಂದು ಒಂದು ನಿಮಿಷದಲ್ಲಿ ಹೇಳಿದ. ಏರಿಸುವಾಗ ವಿವರದ ಖಾನೆಯನ್ನು ಎಚ್‌ಟಿಎಮ್‌ಎಲ್ ಎಂದು ಓದು ಅಂತ ಒಂದು ಚೌಕಕ್ಕೆ ಟಿಕ್ಕು ಹಾಕಬೇಕು, ನೀವು ಹಾಕಿಲ್ಲ, ಅದು ಎಲ್ಲವನ್ನೂ ಸಾದಾ ಅಕ್ಷರವೆಂದು ಇದ್ದಂತೆ ತೋರಿಸುತ್ತಿದೆ. ಎಲ್ಲ ಅಳಿಸಿ, ಟಿಕ್ಕು ಹಾಕಿ ಮತ್ತೆ ಏರಿಸಿ. ಇಷ್ಟು ಹೇಳಿ ಅವನು ಫೋನು ಇಡಲಿಲ್ಲ.

“ಅಲ್ಲರಿ ಅಕ್ಕಾರ, ಇಲ್ಲಿ ‘ಗಿರಮಿಟ್ಟು ಬರಲಿಲ್ಲ’ ಅಂತೈತಿ. ಇದು ಸೀರಿ ಹೆಸರೋ, ಬಣ್ಣದ ಹೆಸರೋ?”

“ನಿನ್ನ ಕೆಲಸ ನೀ ನೋಡ್ಕೋ.”

“ನೋಡ್ಕೋತೀನ್ರಿ. ನೀವೇನ್ ಕಾಳಜಿ ಮಾಡಬ್ಯಾಡ್ರಿ. ವಿವರಾ ಯಾರೂ ಓದೂದಿಲ್ಲ. ಮಂದಿ ಫೋಟೋ ನೋಡ್ತಾರ, ರೇಟ್ ನೋಡ್ತಾರ, ಹೊಕ್ಕಾರ.”

ಅದು ಸಮಾಧಾನದ ಮಾತು. ಆದರೆ ಫೋನು ಇಟ್ಟ ಮೇಲೆ ಅದೇ ಮಾತು ಆಕೆಯನ್ನು ಕುಟುಕಿತು. ಎಂಟು ವರ್ಷ ಎಣಿಸಿ ಎಣಿಸಿ ಬರೆದ ಅಳತೆ, ಅಂಚು, ಸೆರಗು, ಅದನ್ನೂ ಯಾರೂ ಓದಿಲ್ಲ ಎಂದಾಯಿತು. ಕಾಣುವಂತೆ ಬರೆದದ್ದಕ್ಕೂ ಕಾಣದಂತೆ ಬರೆದದ್ದಕ್ಕೂ ಒಂದೇ ಗತಿ.

ಎರಡೂ ಇಪ್ಪತ್ತಕ್ಕೆ ಕರೆಂಟು ಬಂತು. ಎಲ್ಲ ಅಳಿಸಿದಳು, ಟಿಕ್ಕು ಹಾಕಿ ಮತ್ತೆ ಏರಿಸಿದಳು. ಮೂರಕ್ಕೆ ಸೈಟು ಚೊಕ್ಕವಾಗಿ ಬಂತು. ಸಾಲು ಮುರಿಯುವಲ್ಲಿ ಮುರಿಯಿತು, ದಪ್ಪ ಅಕ್ಷರ ದಪ್ಪಗಾಯಿತು. ಗುಟ್ಟಿನ ಸಾಲು ಒಂದೂ ಇಲ್ಲ. ಒಳಗೆ ಹೋಗಿ ಹುಡುಕಿದರೂ ಇಲ್ಲ. ಹೊಸ ಸೈಟು ಅಂಥವನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ, ಏರಿಸುವಾಗಲೇ ಕತ್ತರಿಸಿ ಎಸೆಯುತ್ತದೆ. ಆಕೆ ಬಚಾವಾದೆ ಎಂದುಕೊಂಡಳು. ಆಮೇಲೆ, ಬೆಳಿಗ್ಗೆಯಿಂದ ಯಾವ ಪುಟವನ್ನು ಎಷ್ಟು ಸಲ ತೆರೆದಿದ್ದಾರೆ ಎಂದು ತೋರಿಸುವ ಪಟ್ಟಿ ನೋಡಿದಳು. ಇನ್ನೂರ ಹನ್ನೆರಡರ ಮುಂದೆ ಎರಡು ಎಂದಿತ್ತು. ಒಂದು ತಾನು. ಇನ್ನೊಂದು ಸಿದ್ದರಾಮೇಶನೇ ಎಂದು ಮನಸ್ಸಿಗೆ ಹೇಳಿಕೊಂಡಳು. ಮತ್ತೆ ಫೋನು ಹಚ್ಚಿ ಕೇಳಿದರೆ, ತಾನು ಮೊದಲ ಪುಟದ ನಾಲ್ಕಾರು ಸೀರೆ ಮಾತ್ರ ನೋಡಿದ್ದು ಎಂದ.

ಮರುದಿನ ಗುರುವಾರ. ಹತ್ತು ಗಂಟೆಗೆ ಕೆಳಗೆ ಮಾಲು ಬರತೊಡಗಿತು. ಪ್ರಭುಲಿಂಗಪ್ಪನವರು ಅಳತೆ ಕೂಗುವುದು, ನೇಕಾರ ದೇವಪ್ಪ ಪ್ರತಿ ವಾರದಂತೆ ಟೇಪಿನ ಮೇಲೆ ಸಂಶಯ ಪಡುವುದು, ಜನ ನಗುವುದು, ಎಲ್ಲ ಮೇಲಕ್ಕೆ ಕೇಳುತ್ತಿತ್ತು. ಶಂಕ್ರವ್ವ ಕುರ್ಚಿಯಲ್ಲಿ ಕೂತು ಮೆಟ್ಟಿಲಿಗೇ ಕಿವಿ ಕೊಟ್ಟಿದ್ದಳು. ಯಾರೋ ಹತ್ತತೊಡಗಿದರು. ಒಂಬತ್ತನೆಯ ಮೆಟ್ಟಿಲ ಮೇಲೆ ಹೆಜ್ಜೆ ನಿಂತಿತು. ಮತ್ತೆ ಶುರುವಾಯಿತು.

ಮಾನವ್ವ ಬಾಗಿಲಲ್ಲಿ ನಿಂತಳು. ಕೂದಲು ಬೆಳ್ಳಗಾಗಿತ್ತು. ಐದು ವರ್ಷ ಒಂದೇ ಕಟ್ಟಡದ ಮೇಲೆ ಕೆಳಗೆ ಇದ್ದೂ ಅದನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಶಂಕ್ರವ್ವ ಎದ್ದು, ಬಾ ಕುಂಡ್ರು ಎಂದಳು. ಕುಂಡ್ರಾಕ ಬಂದಿಲ್ಲ ಎಂದಳು ಮಾನವ್ವ. ತನ್ನ ಸೊಸೆ ರೇಷ್ಮಾ ಅತ್ತೆಯ ಸೀರೆ ಮಾರಿದವೋ ಇಲ್ಲವೋ ಎಂದು ಯಾವಾಗಲೂ ಫೋನಿನಲ್ಲಿ ನೋಡುತ್ತಿರುತ್ತಾಳೆ ಎಂದಳು. ನಿನ್ನೆಯೂ ನೋಡಿದಳು. ಏನೋ ಓದಿ ಹೇಳಿದಳು. ಆಮೇಲೆ ಮತ್ತೆ ತೆಗೆದರೆ ಅದು ಇರಲಿಲ್ಲ.

“ಅದು ಕಂಪ್ಯೂಟರಿನ ತಪ್ಪು,” ಶಂಕ್ರವ್ವ ಅಂದಳು. “ನಿನ್ನೆ ಎಲ್ಲಾ ಕಲಸಿ ಹೋಗಿತ್ತು.”

“ಕಂಪ್ಯೂಟರಿಗೆ ನನ್ನ ಹೆಸರ ಯಾರ ಹೇಳಿದ್ರು?”

ಶಂಕ್ರವ್ವನಿಗೆ ಸಿಟ್ಟು ಬಂತು. ಸಿಟ್ಟು ಬಂದರೆ ಮಾತು ತಾನಾಗಿ ಬರುತ್ತದೆ, ಅದು ಆಕೆಯ ಅನುಭವ. ಈ ಸಲ ಬರಲಿಲ್ಲ. ಮೇಜಿನ ಅಂಚು ಹಿಡಿದು ನಿಂತಳು. ಕೊನೆಗೆ ತಲೆ ತಗ್ಗಿಸಿ, ಆ ಮಸಿ ತನ್ನ ಕಪಾಟಿನದು, ತಿಂಗಳಿಗೇ ಗೊತ್ತಾಗಿತ್ತು ಎಂದಳು.

ಮಾನವ್ವ, ಆ ಸೀರೆಯನ್ನು ಹರಿದು ಮೊಮ್ಮಗಳ ತೊಟ್ಟಿಲ ಮೇಲೆ ಹೊದಿಸಿದೆ ಎಂದಳು. ಕೂಸು ಈಗ ಶಾಲೆಗೆ ಹೋಗುತ್ತದೆ ಎಂದಳು. ಆಮೇಲೆ ಕೇಳಿದಳು:

“ನನ್ನ ಬೈದದ್ದು ಎಲ್ಲಿ?”

“ಕೆಳಗ.”

“ಹಂಗಾರ ಇದನ್ನ ಇಲ್ಲಿ ಯಾಕ ಹೇಳ್ತಿ?”

ಇಷ್ಟು ಹೇಳಿ ತಿರುಗಿ, ಗೋಡೆಗೆ ಕೈ ಆನಿಸಿ ಒಂದೊಂದೇ ಮೆಟ್ಟಿಲು ಇಳಿದು ಹೋದಳು.

ಶಂಕ್ರವ್ವ ಕುಳಿತಳು. ಇವಳು ಯಾರು ನನಗೆ ಹೇಳಲು ಎಂದುಕೊಂಡಳು. ಒಪ್ಪಿಕೊಂಡೆನಲ್ಲ, ಇನ್ನೇನು ಮೈಕು ಹಚ್ಚಿ ಊರಿಗೆ ಸಾರಬೇಕೇ. ಹೊಸ ಸೈಟು ತೆಗೆದು, ಮಾನವ್ವನ ಯಾವುದೋ ಸೀರೆಯ ವಿವರಕ್ಕೆ ಹೋಗಿ, ಕೋನಕಂಸ, ಆಶ್ಚರ್ಯಸೂಚಕ, ಅಡ್ಡಗೆರೆ ಹಾಕಿ ಈ ಸಿಟ್ಟನ್ನು ಬರೆದಳು. ಉಳಿಸು ಎಂದು ಒತ್ತಿದಳು. ಮತ್ತೆ ತೆಗೆದು ನೋಡಿದರೆ ಸಾಲು ಇರಲಿಲ್ಲ. ಮತ್ತೊಮ್ಮೆ ಬರೆದಳು. ಮತ್ತೆ ಇರಲಿಲ್ಲ. ಅಳತೆ ಇತ್ತು, ಅಂಚು ಇತ್ತು. ಕೆಳಗೆ ಪ್ರಭುಲಿಂಗಪ್ಪನವರು ಟೇಪು ಎಳೆಯುವ ಸದ್ದು ಬಂತು.

ಆಕೆ ಎದ್ದಳು. ಹದಿನಾರು ಮೆಟ್ಟಿಲು ಇಳಿದಳು.

ಕೆಳಗೆ ಹದಿನಾಲ್ಕು ಮಂದಿ ಇದ್ದರು. ಗುರುವಾರ ಶಂಕ್ರವ್ವ ಇಳಿದು ಬಂದಳೆಂದರೆ ಯಾರಿಗೋ ಕಾದಿದೆ ಎಂದು ಎಲ್ಲರೂ ತಮ್ಮ ತಮ್ಮ ಸೀರೆ ನೋಡಿಕೊಂಡರು. ಮಾನವ್ವ ಮೇಜಿನ ಆ ತುದಿಯಲ್ಲಿ ಗಂಟು ಬಿಚ್ಚುತ್ತಿದ್ದಳು. ಶಂಕ್ರವ್ವ ಮೇಜಿನ ಈ ತುದಿಯಲ್ಲಿ ನಿಂತು, ಬೈಯುವಾಗಿನ ದನಿಯಲ್ಲೇ, ಬೇರೆ ದನಿ ಆಕೆಗೆ ಇರಲಿಲ್ಲ, ಹೇಳಿದಳು:

“ಐದು ವರ್ಷದ ಹಿಂದ ಇದ ಮೇಜಿನ ಮುಂದ ಮಾನವ್ವಗ ನಾ ಬೈದಿದ್ದೆ. ಸೀರಿ ಆಕಿ ಸ್ವಚ್ಛ ತಂದಿದ್ಲು. ಮಸಿ ನನ್ನ ಕಪಾಟಿನಾಗ ಹತ್ತಿತ್ತು. ಗೊತ್ತಾದ ಮ್ಯಾಲೂ ನಾ ಹೇಳಲಿಲ್ಲ.”

ಟೇಪು ಪ್ರಭುಲಿಂಗಪ್ಪನವರ ಕೈಯಲ್ಲೇ ಇತ್ತು. ಐದು ವರ್ಷದ ಹಿಂದಿನದು ಈಗ ಯಾಕೆ ತೆಗೆದಿರಿ ಶಂಕ್ರವ್ವಾರ ಎಂದರು ಅವರು, ಬೇಸರದಿಂದಲ್ಲ, ನಿಜವಾಗಿಯೂ ತಿಳಿಯದೆ. ದೇವಪ್ಪ ಮೆಟ್ಟಿಲ ಕಡೆ ಗದ್ದ ಎತ್ತಿ ತೋರಿಸಿದ.

“ಅಂದ್ರ ಬಚ್ಚಲ ಮ್ಯಾಲಿತ್ತನ್ರಿ.”

ನಾಲ್ಕಾರು ಮಂದಿ ನಕ್ಕರು. ದೇವಪ್ಪನ ಮೂರು ತಲೆಮಾರಿಗೆ ಸಾಲುವಷ್ಟು ಬೈಗುಳ ಶಂಕ್ರವ್ವನ ಗಂಟಲಿಗೆ ಬಂದು ನಿಂತಿತು. ಅದನ್ನು ನುಂಗಿದಳು. ನುಂಗುವುದು ರೂಢಿಯಿರಲಿಲ್ಲ, ಕಣ್ಣಲ್ಲಿ ನೀರು ಬಂತು. ಮಾನವ್ವ ನಗಲಿಲ್ಲ. ಸೀರೆ ಹರವಿ, ಅಳೆಯಿರಿ ಎಂದು ಪ್ರಭುಲಿಂಗಪ್ಪನವರಿಗೆ ಹೇಳಿದಳು. ಅವರು ಅಳೆದರು. ಚೀಟಿ ಬರೆದರು. ಆಕೆ ಖಾಲಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು, ಮೇಜನ್ನು ಸುತ್ತು ಹಾಕಿ, ಶಂಕ್ರವ್ವನ ಪಕ್ಕದಿಂದಲೇ ಹಾಯ್ದು ಹೊರಗೆ ಹೋದಳು. ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಫೋಟೋಕ್ಕೆಂದು ಆ ವಾರದ ಸೀರೆಗಳು ಮೇಲೆ ಬಂದವು. ಕೆಳಗೆ ಗಿರಮಿಟ್ಟು ತರಿಸಿದ್ದರು, ಹಸಿ ಉಳ್ಳಾಗಡ್ಡಿಯ ವಾಸನೆ ಮೆಟ್ಟಿಲು ಹತ್ತಿ ಬಂತು. ಯಾರೂ ಕರೆಯಲಿಲ್ಲ. ಶಂಕ್ರವ್ವ ಮಾನವ್ವನ ಸೀರೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಾಸಿದಳು. ಸೆರಗಿನದೊಂದು, ಅಂಚಿನದೊಂದು, ಒಡಲಿನದೊಂದು ಫೋಟೋ ತೆಗೆದಳು. ಮಡಚುವ ಮುನ್ನ ಒಳತುದಿ ಕೈಗೆ ಬಂತು. ಮೂರು ಹಸಿರು ಎಳೆ, ಐದು ವರ್ಷದಿಂದ ಇದ್ದ ಹಾಗೇ ಇದ್ದವು. ಅದರದೂ ಒಂದು ಫೋಟೋ ತೆಗೆದಳು. ಎಂಟು ವರ್ಷದಲ್ಲಿ ಯಾವ ಸೀರೆಯ ಒಳತುದಿಯ ಫೋಟೋವನ್ನೂ ಆಕೆ ತೆಗೆದಿರಲಿಲ್ಲ.

ವಿವರ ಬರೆಯಲು ಕುಳಿತಳು. ಉದ್ದ. ಬಣ್ಣ. ಪಟ್ಟೇದ ಅಂಚು, ನಾಲ್ಕು ಇಂಚು, ಎರಡು ಗೆರೆಯಲ್ಲ, ಅಕ್ಷರದಲ್ಲಿ. ನೇಯ್ದವರು ಮಾನವ್ವ. ಕೊನೆಗೆ ಇನ್ನೊಂದು ಸಾಲು ಸೇರಿಸಿದಳು, ಯಾವ ಕಂಸವೂ ಇಲ್ಲದೆ, ಎಲ್ಲರಿಗೂ ಕಾಣುವಂತೆ: ‘ಒಳತುದಿಯಲ್ಲಿ ಮೂರು ಹಸಿರು ಎಳೆ ಇವೆ. ಅದು ಮಾನವ್ವನ ಗುರುತು. ಈ ಗುರುತಿನ ಸೀರೆಯಲ್ಲಿ ಇವತ್ತಿನವರೆಗೆ ಆಕೆಯ ಕೈಯಿಂದ ಒಂದು ಕಲೆಯೂ ಬಂದಿಲ್ಲ.’

ವಿವರ ಯಾರೂ ಓದುವುದಿಲ್ಲ ಎಂದು ಸಿದ್ದರಾಮೇಶ ಹೇಳಿದ್ದ. ರೇಷ್ಮಾ ಓದುತ್ತಾಳೆ. ಶಂಕ್ರವ್ವ ಉಳಿಸು ಎಂದು ಒತ್ತಿ, ಸಾಲು ನಿಂತಿತೋ ಇಲ್ಲವೋ ಎಂದು ಮತ್ತೆ ತೆಗೆದು ನೋಡಿದಳು. ನಿಂತಿತ್ತು. ಮುಂದಿನ ಸೀರೆ ಎತ್ತಿಕೊಂಡಳು.